ಬೆಳಗಿನ ಜಾವದ ಚೆಂಡಾಟ

ಆಟವೆಂದರೆ ಪದಕ, ಪಂದ್ಯ, ಪತ್ರಿಕೆಯಲ್ಲಿ ಭಾವಚಿತ್ರ ಎಂದು ಬಗೆಯುವುದು ಇಂದಿನ ವಾಡಿಕೆ. ಇವಾವುವೂ ಇಲ್ಲದೆ ಬೆಳೆದು ನಿಂತ ಆಟವೊಂದನ್ನು ನಾನು ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಬಲ್ಲೆ. ಮೈಸೂರಿನಲ್ಲಿ ನಮ್ಮ ಮನೆಯ ಎದುರಿಗಿರುವ ಪ್ರೌಢಶಾಲೆಯ ಅಂಗಳದಲ್ಲಿ ಬೆಳಗಿನ ಆರು ಗಂಟೆಗೆ ನಡೆಯುವ ಬ್ಯಾಸ್ಕೆಟ್‌ಬಾಲ್ ಆಟವೇ ಅದು. ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ಒಂದು ಶಾಲೆಯಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯ ಉಪಾಧ್ಯಾಯರಾದ ಜೇಮ್ಸ್ ನೈಸ್ಮಿತ್ ಅವರು, ಚಳಿಗಾಲದಲ್ಲಿ ಹೊರಗೆ ಆಡಲಾರದೆ ಬೇಸತ್ತಿದ್ದ 18 ವಿದ್ಯಾರ್ಥಿಗಳಿಗಾಗಿ 1891ರ ಡಿಸೆಂಬರಿನಲ್ಲಿ ಇದನ್ನು ರೂಪಿಸಿದರು. ವ್ಯಾಯಾಮಶಾಲೆಯ ಮೇಲಂತಸ್ತಿನ ಕಟಕಟೆಗೆ, ನೆಲದಿಂದ 10 ಅಡಿ ಎತ್ತರದಲ್ಲಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೊಳೆ ಹೊಡೆದು ನಿಲ್ಲಿಸಿದರು. 13 ನಿಯಮಗಳನ್ನು ಫಲಕಕ್ಕೆ ಹಚ್ಚಿದರು. ಬುಟ್ಟಿ ಹೋಗಿ ಕಬ್ಬಿಣದ ಬಳೆ ಬಂದಿತು; ಎತ್ತರ ಮಾತ್ರ ಇಂದಿಗೂ ಅದೇ 10 ಅಡಿ.

ನಮ್ಮೆದುರಿನ ಶಾಲೆಯಲ್ಲಿ ಬೆಳಗಿನ ಆಟ ಮೊದಲಾದುದಕ್ಕೆ ಯಾರ ಸಂಕಲ್ಪವೂ ಕಾರಣವಲ್ಲ. ಸಂಜೆಯ ಅಂಗಳವೆಲ್ಲ ಕ್ರಿಕೆಟ್ಟಿನವರ ಪಾಲಾಗಿತ್ತು; ಉಳಿದದ್ದು ಮುಂಜಾನೆಯೊಂದೇ. 1990ರ ದಶಕದ ಆರಂಭದಲ್ಲಿ ನಾಲ್ವರು ಹುಡುಗರು ಒಂದು ಹಳೆಯ ಚೆಂಡು ಹಿಡಿದು ಬಂದರು. ಶಾಲೆ ಬಿಟ್ಟ ಮೇಲೂ ಅವರು ಬರುವುದನ್ನು ಬಿಡಲಿಲ್ಲ. ಬ್ಯಾಂಕಿನ ಗುಮಾಸ್ತರು, ಹಾಲು ಹಾಕಿ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸುವ ಯುವಕ, ಎಂಟನೆಯ ತರಗತಿಯ ಬಾಲಕ, ಹೀಗೆ ಒಬ್ಬೊಬ್ಬರಾಗಿ ಸೇರಿದರು. ಬರೆದಿಡದ ಕಟ್ಟಳೆಗಳು ತಾವಾಗಿ ಮೂಡಿದವು. ಮೊದಲು ಬಂದವನು ಉದುರಿದ ಹೊಂಗೆಯ ಎಲೆಗಳನ್ನು ಗುಡಿಸಬೇಕು. ಮೊದಲ ಹತ್ತು ಮಂದಿ ಎರಡು ಪಂಗಡವಾಗಬೇಕು. ಗೆದ್ದವರು ಉಳಿಯುವರು, ಸೋತವರು ಕಾದು ನಿಂತವರಿಗೆ ಎಡೆ ಬಿಡುವರು. ತೀರ್ಪುಗಾರನಿಲ್ಲ, ತಪ್ಪು ಮಾಡಿದವನೇ ಕೈಯೆತ್ತಬೇಕು.

1998ರಲ್ಲಿ ನಾನು ಆ ಶಾಲೆಯ ಆಡಳಿತ ಸಮಿತಿಯ ಸದಸ್ಯನಾದೆ. ಈ ಆಟಕ್ಕೊಂದು ಶಿಸ್ತು ತರಬೇಕೆಂಬ ಹಂಬಲ ನನ್ನನ್ನು ಹಿಡಿಯಿತು. ಹಾಜರಿ ಪುಸ್ತಕ ತರಿಸಿದೆ, ಚೆನ್ನಾಗಿ ಆಡುವ ಹನ್ನೆರಡು ಮಂದಿಯನ್ನು ಆರಿಸಿ ಪಟ್ಟಿ ಮಾಡಿಸಿದೆ, ತರಬೇತುದಾರರನ್ನೂ ಗೊತ್ತುಮಾಡಿದೆ. ಪಟ್ಟಿಯಲ್ಲಿ ಇಲ್ಲದವರು ಬರುವುದನ್ನು ನಿಲ್ಲಿಸಿದರು. ಎದುರಾಳಿಗಳಿಲ್ಲದೆ ಪಟ್ಟಿಯಲ್ಲಿದ್ದವರೂ ವಿರಳವಾದರು. ಎರಡು ತಿಂಗಳಲ್ಲಿ ಅಂಗಳದ ತುಂಬ ಎಲೆಗಳು. ಒಂದು ಬೆಳಗ್ಗೆ ಪುಟ್ಟ ಹುಡುಗನೊಬ್ಬ ಪೊರಕೆ ಹಿಡಿದು ಗೇಟಿನ ಬಳಿ ನಿಂತಿದ್ದ. ನನ್ನನ್ನು ಕಂಡು, “ಸಾರ್, ಲಿಸ್ಟಿನಲ್ಲಿ ಹೆಸರಿಲ್ಲದೋರು ಗುಡಿಸಬೋದಾ?” ಎಂದ. ಆ ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ. ಆದುದರಿಂದಲೇ ಅದು ನನ್ನನ್ನು ನಾಚಿಸಿತು. ಮೂವತ್ತು ವರ್ಷ ಪಾಠ ಹೇಳಬೇಕಾದ ವೃತ್ತಿಯವನಿಗೆ ಅಂದಿನ ಪಾಠ ಬಂದದ್ದು ಒಬ್ಬ ಬಾಲಕನಿಂದ. ಹಾಜರಿ ಪುಸ್ತಕ ಅಂದೇ ಬೀರುವಿಗೆ ಹೋಯಿತು. ಹಳೆಯ ಆಟಗಾರರ ಮನೆಗಳಿಗೆ ನಾನೇ ಹೋಗಿ ಕರೆದೆ. ಎಲ್ಲರೂ ಮರಳಿದರೆಂದು ಹೇಳಲಾರೆ. ಕೆಲವರು ಬರಲೇ ಇಲ್ಲ. ಆ ನಷ್ಟ ನನ್ನ ಲೆಕ್ಕದ್ದು.

ತರಬೇತಿ ಬೇಡವೆಂದು ನನ್ನ ವಾದವಲ್ಲ. ಪಂದ್ಯಕ್ಕೆ ಸಿದ್ಧರಾಗುವವರಿಗೆ ಅದು ಬೇಕೇ ಬೇಕು. ಆದರೆ ಕೂಡಿ ಆಡುವುದಕ್ಕೆ ಬೇರೆಯೇ ಒಂದು ಶಿಸ್ತುಂಟು. ಅದು ಆಡುವವರ ಒಳಗಿನಿಂದ ಬರತಕ್ಕದ್ದು. ಬೀದಿಯ ಆಟದಿಂದ ಬೆಳೆದುಬಂದ ಮೂವರು-ಮೂವರ ಬ್ಯಾಸ್ಕೆಟ್‌ಬಾಲ್ 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೇರಿತು. ಅರ್ಧ ಅಂಗಳ, ಒಂದೇ ಬುಟ್ಟಿ. ಆಟ ನಡೆಯುವಾಗ ತರಬೇತುದಾರರು ಹೊರಗಿನಿಂದ ಸಲಹೆ ಕೊಡುವಂತಿಲ್ಲ. ಈ ನಿಯಮವನ್ನು ಓದಿದಾಗ ನನಗೆ ನಮ್ಮ ಹೊಂಗೆಯ ಮರದ ಅಂಗಳವೇ ನೆನಪಾಯಿತು.

ಈಗ ನಾನು ನಿವೃತ್ತ. ಬೆಳಗ್ಗೆ ಆ ಅಂಗಳದ ಕಟ್ಟೆಯ ಮೇಲೆ ಕುಳಿತು ಆಟ ನೋಡುತ್ತೇನೆ. ಅಂದು ಪೊರಕೆ ಹಿಡಿದಿದ್ದ ಹುಡುಗ ಇಂದು ತನ್ನ ಮಗಳನ್ನು ಕರೆತರುತ್ತಾನೆ. ಮೊನ್ನೆ ಎಲ್ಲರಿಗಿಂತ ಮೊದಲು ಬಂದವಳು ಅವಳೇ. ಯಾರೂ ಹೇಳಲಿಲ್ಲ, ಚೆಂಡನ್ನು ಕೆಳಗಿಟ್ಟು ಪೊರಕೆ ಎತ್ತಿಕೊಂಡಳು.

(ಬಾನುಲಿ ಭಾಷಣ)