ಹುಲ್ಲು ಕೊಯ್ಯುವ ಹುಡುಗ



ನಾನಿಂದು ಹೇಳಹೊರಟಿರುವುದು ಒಂದೇ ಒಂದು ಚಿತ್ರದ ಬಗ್ಗೆ. ಅದರಲ್ಲಿ ಒಬ್ಬ ಹುಡುಗ ನೆಲಕ್ಕೆ ಬಾಗಿ ಕೂತು ಕುಡುಗೋಲಿನಿಂದ ಹುಲ್ಲು ಕೊಯ್ಯುತ್ತಿದ್ದಾನೆ. ಜೊತೆಗೆ ಯಾರೂ ಇಲ್ಲ. 1881ರಲ್ಲಿ ಹಾಲೆಂಡಿನ ಎಟ್ಟೆನ್ ಎಂಬ ಹಳ್ಳಿಯಲ್ಲಿ ವಿನ್ಸೆಂಟ್ ವ್ಯಾನ್ ಗೋ ಇದನ್ನು ಬರೆದ. ಬಳಸಿದ್ದು ಇದ್ದಿಲು, ಕಪ್ಪು ಚಾಕ್, ಜೊತೆಗೆ ತುಸು ಜಲವರ್ಣ. ಚಿತ್ರ ಈಗ ಅದೇ ದೇಶದ ಕ್ರೋಲರ್-ಮ್ಯೂಲರ್ ವಸ್ತುಸಂಗ್ರಹಾಲಯದಲ್ಲಿದೆ.

ಸೂರ್ಯಕಾಂತಿಯ ಹಳದಿಯಿಂದ ನಾವೆಲ್ಲ ಗುರುತಿಸುವ ವ್ಯಾನ್ ಗೋ ಇನ್ನೂ ಹುಟ್ಟಿರಲಿಲ್ಲ ಎನ್ನಬೇಕು. ಆಗ ಅವನಿಗೆ 28 ವರ್ಷ. ಕಲಾವಿದನಾಗುವ ತೀರ್ಮಾನ ಮಾಡಿ ಸುಮಾರು ಒಂದು ವರ್ಷವಾಗಿತ್ತಷ್ಟೆ. ಪಾದ್ರಿಯಾಗಿದ್ದ ತಂದೆಯ ಮನೆಯಲ್ಲಿದ್ದುಕೊಂಡು, ಊರಿನ ದುಡಿಯುವ ಜನರನ್ನು ಎದುರಿಗೆ ನಿಲ್ಲಿಸಿಕೊಂಡು ಅಭ್ಯಾಸ ಮಾಡುತ್ತಿದ್ದ. ನೆಲ ಅಗೆಯುವವನನ್ನು ಐದು ಸಲ, ಬಿತ್ತುವವನನ್ನು ಎರಡು ಸಲ ಬರೆದೆನೆಂದು ಆ ಸೆಪ್ಟೆಂಬರಿನಲ್ಲಿ ತಮ್ಮ ಥಿಯೋಗೆ ತಿಳಿಸಿದ್ದ.

ದುಡಿಯುವವರೇ ಏಕೆ? ಅವನ ಮನಸ್ಸಿನಲ್ಲಿದ್ದ ಗುರು ಫ್ರಾನ್ಸಿನ ಮಿಲೆ. ರೈತರ ಮನೆಯಲ್ಲಿ ಹುಟ್ಟಿದ ಮಿಲೆ 1850ರಲ್ಲಿ ಬೀಜ ಬಿತ್ತುವ ಒಬ್ಬಂಟಿ ರೈತನನ್ನು ಇಡೀ ಕ್ಯಾನ್ವಾಸು ತುಂಬುವಂತೆ ಚಿತ್ರಿಸಿದ್ದ. ಅಲ್ಲಿಯವರೆಗೆ ಅಷ್ಟು ದೊಡ್ಡ ಜಾಗ ಹೆಚ್ಚಾಗಿ ಸಲ್ಲುತ್ತಿದ್ದುದು ದೇವರಿಗೆ, ದೊರೆಗೆ, ದಂಡನಾಯಕನಿಗೆ.

ಇದ್ದಿಲಿಗೂ ಈ ವಿಷಯಕ್ಕೂ ಒಳ್ಳೆಯ ನಂಟು. ಉಜ್ಜಿದರೆ ಹರಡುತ್ತದೆ, ಒರೆಸಿದರೆ ಅಳಿಯುತ್ತದೆ. ತಿದ್ದಿ ತಿದ್ದಿ ಕಲಿಯುವವನಿಗೆ ಹೇಳಿ ಮಾಡಿಸಿದ ಸಾಧನ. ಹುಡುಗನ ಬೆನ್ನಿನ ನೆರಳೂ ಕಾಲಡಿಯ ಮಣ್ಣೂ ಒಂದೇ ಕರಿಯಿಂದ ಮೂಡಿಬಿಡಬಲ್ಲವು.

ಆದರೆ ಒಂದು ತೊಡಕಿದೆ. ಚಿತ್ರಕಾರನ ಮುಂದೆ ಅಲುಗದೆ ಕೂತ ಹುಡುಗ ಹುಲ್ಲು ಕೊಯ್ಯುತ್ತಿಲ್ಲ, ಕೊಯ್ಯುವವನಂತೆ ಕೂತಿದ್ದಾನೆ. ನಿಂತುಹೋದ ಕೆಲಸದಲ್ಲಿ ಕೆಲಸವನ್ನು ತೋರಿಸುವುದು ಹೇಗೆ?

ಈ ಪ್ರಶ್ನೆ ವ್ಯಾನ್ ಗೋನನ್ನು ಬಿಡಲಿಲ್ಲ. 1885ರಲ್ಲಿ ಅವನ 'ಆಲೂಗಡ್ಡೆ ತಿನ್ನುವವರು' ಚಿತ್ರದ ಆಕೃತಿಗಳು ಸರಿಯಿಲ್ಲವೆಂದು ಗೆಳೆಯ ರ‍್ಯಾಪರ್ಡ್ ಕಟುವಾಗಿ ಟೀಕಿಸಿದ. ಗೆಳೆತನವೇ ಮುರಿಯಿತು. ಆ ಬೇಸಿಗೆಯಲ್ಲಿ ವ್ಯಾನ್ ಗೋ ಅಗೆಯುವವರ, ಕೊಯ್ಯುವವರ, ತೆನೆ ಆಯುವವರ ದೊಡ್ಡ ದೊಡ್ಡ ರೇಖಾಚಿತ್ರಗಳನ್ನು ಕಪ್ಪು ಚಾಕ್‌ನಲ್ಲಿ ಬರೆದ. ಅಗೆಯುವವನ ಫೋಟೋ ತೆಗೆದರೆ ಅವನು ಅಗೆಯುತ್ತಿರುವುದಿಲ್ಲ ಎಂಬರ್ಥದ ಮಾತನ್ನು ಥಿಯೋಗೆ ಬರೆದದ್ದೂ ಆಗಲೇ. ಅಳತೆಯೆಲ್ಲ ಸರಿಯಿದ್ದು ದುಡಿಮೆಯೇ ಕಾಣದಿದ್ದರೆ ಅಂಥ ಚಿತ್ರ ಅವನಿಗೆ ಬೇಕಿರಲಿಲ್ಲ.

ಇಂಥ ಚಿತ್ರ ಕಂಡಾಗ ನಾವು ಸಾಮಾನ್ಯವಾಗಿ "ಪಾಪ, ಬಡವ" ಎಂದು ಮರುಗಿ ಮುಂದೆ ಹೋಗುತ್ತೇವೆ. ಕೊಂಚ ನಿಲ್ಲಿ. ಮೈಭಾರ ಎಲ್ಲಿ ಬಿದ್ದಿದೆ, ಕೈ ಕುಡುಗೋಲನ್ನು ಹೇಗೆ ಹಿಡಿದಿದೆ ಎಂದು ನೋಡಿ. ಆ ಹುಡುಗ ನಮ್ಮ ಕನಿಕರ ಕೇಳುತ್ತಿಲ್ಲ. ಅವನಿಗೆ ಕೆಲಸ ಗೊತ್ತಿದೆ. ಅದನ್ನು ಕಾಣಲು ಚಿತ್ರಕಾರನೇ ವರ್ಷಗಟ್ಟಲೆ ಕಲಿಯಬೇಕಾಯಿತು.