ಜಾರ್ಜ್ ನಾರಿಸ್: ಪಕ್ಷದಲ್ಲಿದ್ದೂ ಪಕ್ಷಕ್ಕೆ ಮಣಿಯದವರು



ಜನರು ಆರಿಸಿ ಕಳಿಸಿದ ಪ್ರತಿನಿಧಿಯು ಪಕ್ಷದ ಮಾತನ್ನು ಕೇಳಬೇಕೋ, ತನ್ನ ಅಂತಃಕರಣದ ಮಾತನ್ನು ಕೇಳಬೇಕೋ? ಈ ಪ್ರಶ್ನೆಗೆ ನಲವತ್ತು ವರ್ಷ ನಡೆದು ಉತ್ತರ ಕೊಟ್ಟವರೊಬ್ಬರ ವೃತ್ತಾಂತವನ್ನು ಇಂದು ತಮ್ಮ ಮುಂದಿಡಬಯಸುತ್ತೇವೆ. ಅವರೇ ಅಮೇರಿಕದ ಜಾರ್ಜ್ ನಾರಿಸ್.

1861ರಲ್ಲಿ ಓಹಾಯೋ ಸಂಸ್ಥಾನದ ಒಕ್ಕಲುತನದ ಮನೆಯಲ್ಲಿ ಅವರು ಜನಿಸಿದರು. ಮೂರು ವರ್ಷದವರಿದ್ದಾಗಲೇ ತಂದೆ ತೀರಿಕೊಂಡರು. ಅಣ್ಣನು ಅಂತರ್ಯುದ್ಧದಲ್ಲಿ ಮಡಿದನು. ವಯಸ್ಸಾದ ತಾಯಿಯು ಒಮ್ಮೆ ಹಣ್ಣಿನ ಸಸಿ ನೆಡುತ್ತಿರಲು, ಇದರ ಫಲ ತಿನ್ನುವವರೆಗೆ ನೀನಿರುವೆಯಾ ಎಂದು ಮಗನು ಕೇಳಿದನಂತೆ. ಬೇರೆ ಯಾರಾದರೂ ತಿಂದಾರು ಎಂದಳಂತೆ ಆ ತಾಯಿ. ಮುಂದೆ ನೆಬ್ರಾಸ್ಕಕ್ಕೆ ಹೋಗಿ ವಕೀಲರಾಗಿ, ನ್ಯಾಯಾಧೀಶರಾಗಿ, 1903ರಲ್ಲಿ ರಿಪಬ್ಲಿಕನ್ ಪಕ್ಷದ ವತಿಯಿಂದ ಪ್ರತಿನಿಧಿ ಸಭೆಯನ್ನು ಸೇರಿದರು.

ಆಗ ಆ ಸಭೆಯ ಸಭಾಪತಿ ಜೋಸೆಫ್ ಕ್ಯಾನನ್, ಅದೇ ಪಕ್ಷದವರು. ಎಲ್ಲ ಸಮಿತಿಗಳನ್ನೂ ಅವರೇ ನೇಮಿಸುವರು. ಐವರ ನಿಯಮ ಸಮಿತಿಗೆ ಅವರೇ ಮುಖ್ಯಸ್ಥರು. ಅವರ ಮರ್ಜಿಯಿಲ್ಲದೆ ಯಾವ ಮಸೂದೆಯೂ ಚರ್ಚೆಗೆ ಬರುವಂತಿರಲಿಲ್ಲ. 1910ರ ಮಾರ್ಚಿಯಲ್ಲಿ ಅವರ ಕಡೆಯವರೊಬ್ಬರು ಖಾನೇಷುಮಾರಿಯ ವಿಷಯವನ್ನು ಸರದಿ ತಪ್ಪಿಸಿ ಮುಂದೆ ತಂದರು. ಖಾನೇಷುಮಾರಿಯು ರಾಜ್ಯಘಟನೆಯಲ್ಲಿಯೇ ಹೇಳಿದ ಕಾರ್ಯವಾದುದರಿಂದ ಅದಕ್ಕೆ ಅಗ್ರಸ್ಥಾನವೆಂಬುದು ಅವರ ವಾದ. ಸಭೆಯು ಒಪ್ಪಿತು. ಇದೇ ಸಂಧಿಯನ್ನು ಕಾದಿದ್ದ ನಾರಿಸರು ಎದ್ದು, ಬಹುದಿನಗಳಿಂದ ಜೇಬಿನಲ್ಲಿಟ್ಟು ಜೀರ್ಣವಾಗಿದ್ದ ಒಂದು ಕಾಗದವನ್ನು ಹೊರದೆಗೆದರು. ಸಭೆಯು ತನ್ನ ನಿಯಮಗಳನ್ನು ತಾನೇ ಮಾಡಿಕೊಳ್ಳಬೇಕೆಂಬುದೂ ರಾಜ್ಯಘಟನೆಯ ಮಾತೇ ಅಲ್ಲವೇ? ಹಾಗಾದರೆ ತಮ್ಮ ಠರಾವಿಗೂ ಅಗ್ರಸ್ಥಾನವುಂಟು! ಎದುರಾಳಿಯ ಕೋಲಿನಿಂದಲೇ ಎದುರಾಳಿಗೆ ಪೆಟ್ಟು. ಹಗಲಿರುಳು ವಾಗ್ವಾದ ನಡೆಯಿತು. ಮಾರ್ಚಿ 19ರಂದು ಸಭಾಪತಿಗಳ ನಿರ್ಣಯವನ್ನು ಸಭೆಯು ತಳ್ಳಿಹಾಕಿ, 156ಕ್ಕೆ 191 ಮತಗಳಿಂದ ಠರಾವನ್ನು ಸ್ವೀಕರಿಸಿತು. ನಿಯಮ ಸಮಿತಿಯು ಸಭೆಯೇ ಆರಿಸುವ ಹತ್ತು ಜನರದಾಯಿತು. ಸಭಾಪತಿಗೆ ಅದರಲ್ಲಿ ಸ್ಥಾನವಿಲ್ಲದಾಯಿತು. ಕ್ಯಾನನ್‌ರನ್ನು ಪೀಠದಿಂದಿಳಿಸುವ ಸೂಚನೆಯೂ ಅಂದೇ ಬಂದಿತು; ಅದನ್ನು ಮಾತ್ರ ಸಭೆ ಒಪ್ಪಲಿಲ್ಲ. ಈ ವಿವೇಕವನ್ನು ನಾವು ಬಹಳ ಮೆಚ್ಚುತ್ತೇವೆ.

1913ರಲ್ಲಿ ಅವರು ಸೆನೆಟಿಗೆ ಹೋದರು. 1917ರ ಮಾರ್ಚಿಯಲ್ಲಿ ವ್ಯಾಪಾರದ ಹಡಗುಗಳಿಗೆ ಆಯುಧ ಕೊಡುವ ಮಸೂದೆಯನ್ನು ತಡೆದವರಲ್ಲಿ ಅವರೂ ಒಬ್ಬರಾಗಲು, ದೇಶದ್ರೋಹಿಯೆಂಬ ಕೂಗೆದ್ದಿತು. ಜನರಿಗೆ ಬೇಡವಾದರೆ ಸ್ಥಾನ ಬಿಡಲು ಸಿದ್ಧನೆಂದು ಸಾರಿ, ನೆಬ್ರಾಸ್ಕದ ಲಿಂಕನ್ ನಗರಕ್ಕೆ ತೆರಳಿ ಕಿಕ್ಕಿರಿದ ಸಭೆಯ ಮುಂದೆ ನಿಂತು ತಮ್ಮ ಕಾರಣಗಳನ್ನು ಹೇಳಿದರು. ಬೈಯಲು ಬಂದವರೂ ಇದ್ದಿರಬೇಕು. ಕೊನೆಗೆ ಜನರು ಕರತಾಡನ ಮಾಡಿದರು. ಏಪ್ರಿಲ್ 4ರಂದು ಯುದ್ಧದ ಪರವಾಗಿ 82 ಮತಗಳು, ವಿರುದ್ಧ 6. ಆ ಆರರಲ್ಲಿ ನಾರಿಸರದೊಂದು. ಯುದ್ಧವು ಸಾಹುಕಾರರ ಹೂಟವೆಂಬ ಅವರ ವಾದವು ಅತಿಯಾಯಿತೆಂದೇ ನಮ್ಮ ಭಾವನೆ. ಧೈರ್ಯದ ವಿಷಯದಲ್ಲಿ ಎರಡು ಮಾತಿಲ್ಲ. ಮರುವರ್ಷವೇ ಜನರು ಅವರನ್ನು ಪುನಃ ಆರಿಸಿದರು.

ಇನ್ನು ಟೆನೆಸಿ ನದಿಯ ಪ್ರಕರಣ. ಮಹಾಯುದ್ಧದ ಕಾಲದಲ್ಲಿ ಸರಕಾರವು ಮಸಲ್ ಶೋಲ್ಸ್ ಎಂಬಲ್ಲಿ ಕಟ್ಟತೊಡಗಿದ ಅಣೆಕಟ್ಟನ್ನೂ ಕಾರಖಾನೆಗಳನ್ನೂ ಮೋಟಾರಿನ ಹೆನ್ರಿ ಫೋರ್ಡರು 1921ರಲ್ಲಿ ಕೇಳಿದರು. ನದಿಯ ವಿದ್ಯುಚ್ಛಕ್ತಿಯು ಜನರ ಸೊತ್ತೆಂದು ನಾರಿಸರು ಅಡ್ಡ ನಿಂತರು. ಆ ನದಿಯ ಒಂದು ಹನಿಯೂ ನೆಬ್ರಾಸ್ಕದ ಹೊಲಗಳಿಗೆ ಬರುವಂತಿರಲಿಲ್ಲವೆಂಬುದನ್ನು ನೆನೆಯಬೇಕು. ಅವರ ಮಸೂದೆಯನ್ನು 1928ರಲ್ಲಿ ಅಧ್ಯಕ್ಷ ಕೂಲಿಜ್, 1931ರಲ್ಲಿ ಅಧ್ಯಕ್ಷ ಹೂವರ್ ಬೀಳಿಸಿದರು, ಇಬ್ಬರೂ ಸ್ವಪಕ್ಷದವರೇ. 1933ರಲ್ಲಿ ಎದುರುಪಕ್ಷದ ರೂಸ್‌ವೆಲ್ಟರು ಟೆನೆಸಿ ಕಣಿವೆಯ ಕಾಯದೆಗೆ ಸಹಿ ಹಾಕಿದರು. ಹಳ್ಳಿಗಳಿಗೆ ವಿದ್ಯುತ್ತನ್ನು ಒಯ್ಯುವ 1936ರ ಕಾಯದೆಯಲ್ಲಿಯೂ ನಾರಿಸರ ಕೈಯಿದ್ದಿತು. ಆಗ ಆ ಶ್ರೀಮಂತ ದೇಶದಲ್ಲಿಯೂ ಹತ್ತು ಒಕ್ಕಲು ಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ದೀಪವಿದ್ದಿತು.

ಅದೇ ವರ್ಷ ಪಕ್ಷವನ್ನು ಬಿಟ್ಟು ಸ್ವತಂತ್ರರಾಗಿ ನಿಂತು ಗೆದ್ದರು. 1942ರಲ್ಲಿ ಸೋತು ಮಕುಕ್ ಎಂಬ ತಮ್ಮ ಊರಿಗೆ ಮರಳಿದರು. 1944ರ ಸೆಪ್ಟೆಂಬರ್ 2ರಂದು ಅಲ್ಲಿಯೇ ಕಾಲವಾದರು. ನೆಬ್ರಾಸ್ಕಕ್ಕೆ ಎರಡರ ಬದಲು ಒಂದೇ ಶಾಸನಸಭೆ ಸಾಕೆಂದು 1934ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಮೋಟಾರಿನಲ್ಲಿ ಊರೂರು ತಿರುಗಿ ಜನರನ್ನು ಒಪ್ಪಿಸಿದ್ದರು. 1937ರಲ್ಲಿ ಮೊದಲು ಕೂಡಿದ ಆ ಸಭೆಯು ಇಂದಿಗೂ ನಡೆಯುತ್ತಿದೆ; ಅದರ ಚುನಾವಣೆಯ ಮತಪತ್ರದಲ್ಲಿ ಪಕ್ಷದ ಹೆಸರಿರುವುದಿಲ್ಲ.