ನರಹುಲಿ

ಬೆರಳಿನಲ್ಲಿ ನರಹುಲಿಯೊಂದು ಮೂಡಿತೆಂದರೆ ನಾವು ಕುದುರೆಯ ಕೂದಲನ್ನು ಬಿಗಿಯುತ್ತೇವೆ. ದೇವರಿಗೆ ಉಪ್ಪು ಬೆಲ್ಲಗಳ ಹರಕೆಯನ್ನೂ ಹೊರುತ್ತೇವೆ. ಕೆಲವು ತಿಂಗಳಲ್ಲಿ ಅದು ಮಾಯವಾದರೆ ಕೀರ್ತಿಯೆಲ್ಲ ಕೂದಲಿಗೆ, ಇಲ್ಲವೆ ಹರಕೆಗೆ.

ಆದರೆ ನಡೆದುದೇನು? 1907ರಲ್ಲಿ ಇಟಲಿಯ ವೈದ್ಯ ಚುಫ್ಫೊ ಎಂಬಾತನು ನರಹುಲಿಯನ್ನು ಅರೆದು, ಬ್ಯಾಕ್ಟೀರಿಯವೂ ನುಸುಳದಂತೆ ಸೋಸಿ, ಆ ರಸದಿಂದಲೇ ಹೊಸ ನರಹುಲಿ ಹುಟ್ಟುವುದನ್ನು ತೋರಿಸಿದನು. ಇದಕ್ಕೆ ಕಾರಣ ವೈರಸ್ಸು. ದೇಹವು ಅದನ್ನು ಗುರುತಿಸಿ ಎದುರಿಸಿದಾಗ ಗಂಟು ತಾನಾಗಿಯೇ ಕರಗುತ್ತದೆ; ಮಕ್ಕಳಲ್ಲಂತೂ ಬಹುಪಾಲು ಎರಡು ವರ್ಷಗಳೊಳಗೆ.

ಕಾಯಲಾರದವರಿಗೆ ಸ್ಯಾಲಿಸಿಲಿಕ್ ಆಮ್ಲದ ಲೇಪವುಂಟು. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ಕ್ರಮವೂ ಉಂಟು. ಮನೆಯಲ್ಲೇ ಬ್ಲೇಡಿನಿಂದ ಕೊಯ್ದರೆ ಸೋಂಕು ಹರಡೀತು. ಬಣ್ಣ, ಆಕಾರಗಳನ್ನು ಬದಲಿಸುವ, ರಕ್ತ ಒಸರುವ ಗಂಟನ್ನು ಮಾತ್ರ ನಾವೇ ನರಹುಲಿಯೆಂದು ತೀರ್ಮಾನಿಸದೆ, ತಡಮಾಡದೆ ವೈದ್ಯರಿಗೆ ತೋರಿಸುವುದು ಲೇಸು.